ಸತ್ಯಾಂಶ: ತೀರಿಕೊಂಡವರ ಪಿಎಫ್ ಪಿಂಚಣಿ ‘ಒಂದು ವರ್ಷದಲ್ಲಿ ಮುಳುಗಿ ಹೋಗುತ್ತದೆ’ಯೇ?

ಮನೆಯವರು ತೀರಿಕೊಂಡು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಪಿಎಫ್ ಪಿಂಚಣಿ ಸರ್ಕಾರದ ಪಾಲಾಗುತ್ತದೆ, ಲಿಂಕ್ ಒತ್ತಿ ಶುಲ್ಕ ಕಟ್ಟಿದರೆ ಹುಡುಕಿಕೊಡುತ್ತೇವೆ ಎಂಬ ಮೆಸೇಜ್ ಮಂಜೇಶ್ವರ, ಕುಂಬಳೆ ಕಡೆಯ ಗ್ರೂಪುಗಳಲ್ಲಿ ಮತ್ತೆ ಮತ್ತೆ ಸುತ್ತುತ್ತಿದೆ. ಕಳಿಸುವವರದ್ದು ಒಳ್ಳೆಯ ಮನಸ್ಸೇ. ಆದರೆ ವಿಷಯ ತಪ್ಪು.

ಅಂಥ ಗಡುವು ಇಲ್ಲ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಕೆಲಸದಲ್ಲಿದ್ದಾಗಲೇ ತೀರಿಕೊಂಡವರು ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಹೆಂಡತಿಗೆ ಅಥವಾ ಗಂಡನಿಗೆ ಪಿಂಚಣಿ ಸಿಗುತ್ತದೆ. ಲೆಕ್ಕ ಶುರುವಾಗುವುದು ತೀರಿಕೊಂಡ ಮರುದಿನದಿಂದ, ಅರ್ಜಿ ಕೊಟ್ಟ ದಿನದಿಂದ ಅಲ್ಲ. ಜೊತೆಗೆ 25 ವರ್ಷದೊಳಗಿನ ಇಬ್ಬರು ಮಕ್ಕಳಿಗೂ ಸಿಗುತ್ತದೆ. ಬೀಡಿ ಕಟ್ಟಿ ಬದುಕಿದ ಎಷ್ಟೋ ಅಮ್ಮಂದಿರ ಮನೆಯವರಿಗೆ ಇದು ಗೊತ್ತೇ ಇಲ್ಲ, ಬೇಸರ ಅದೇ.

ಖಾತೆ ಹುಡುಕುವುದು ಹೇಗೆ? ಮೊದಲು ತೀರಿಕೊಂಡವರ ಕಪಾಟು ನೋಡಿ. ಹಳೆಯ ಸಂಬಳದ ಚೀಟಿ, ಬೀಡಿ ಕಂಪನಿಯ ಪುಸ್ತಕ, ಪಿಎಫ್ ಸ್ಲಿಪ್ಪು, ಯಾವುದಾದರೂ ಸಾಕು. ಪಿಎಫ್ ನಂಬರಿನ ಮೊದಲ ಅಕ್ಷರಗಳೇ ಖಾತೆ ಯಾವ ಕಚೇರಿಯದ್ದು ಎಂದು ಹೇಳುತ್ತವೆ. ಮನೆ ಕಾಸರಗೋಡಿನಲ್ಲಿದ್ದರೂ ದುಡಿದದ್ದು ಮಂಗಳೂರಿನಲ್ಲೋ ಮುಂಬೈಯಲ್ಲೋ ಆಗಿರಬಹುದು, ಅಲ್ವಾ? ನಂಬರ್ ಸಿಗದಿದ್ದರೆ ಕಂಪನಿಯಲ್ಲಿ ಕೇಳಿ.

ಪಿಂಚಣಿಗೆ ಫಾರ್ಮ್ 10ಡಿ, ಪಿಎಫ್ ಹಣಕ್ಕೆ ಫಾರ್ಮ್ 20. ಮರಣ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಪಿಎಫ್ ಕಚೇರಿ ಇದಕ್ಕೆ ಶುಲ್ಕ ಕೇಳುವುದಿಲ್ಲ, ಫೋನಿನಲ್ಲಿ ಒಟಿಪಿಯನ್ನೂ ಕೇಳುವುದಿಲ್ಲ. ಅಕ್ಷಯ ಕೇಂದ್ರದವರು (ಕೇರಳದ ಸರ್ಕಾರಿ ಆನ್‌ಲೈನ್ ಸೇವಾ ಕೇಂದ್ರ) ಆನ್‌ಲೈನ್ ಕೆಲಸಕ್ಕೆ ತೆಗೆದುಕೊಳ್ಳುವ ಸೇವಾ ಶುಲ್ಕ ಬೇರೆ. ಲಿಂಕ್ ಬಂದರೆ ವಿಳಾಸ ನೋಡಿ: ಪಿಎಫ್ ಸಂಸ್ಥೆಯ ಜಾಲತಾಣದ್ದು ‘ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆ.