ಹಳೆಯ ಮಂಚ ಕೊಡುವುದಕ್ಕೆ ಪ್ಯಾನ್ ಸಂಖ್ಯೆ ಏಕೆ?

ಬಳಕೆಗೆ ಯೋಗ್ಯವಾಗಿರುವ ಮಂಚ, ಒಗೆದು ಮಡಿಸಿಟ್ಟ ಬಟ್ಟೆ, ಮಕ್ಕಳು ಓದಿ ಮುಗಿಸಿದ ಪುಸ್ತಕಗಳನ್ನು ಪುಕ್ಕಟೆಯಾಗಿ ಕೊಡುತ್ತೇವೆಂದರೂ ಇಷ್ಟು ಪಾಡು ಪಡಬೇಕೆ? ಮನೆ ಬಾಗಿಲಿಗೇ ಬಂದು ಒಯ್ಯುತ್ತೇವೆಂದು ಬೆಂಗಳೂರಿನ ಸೇವಾಸಂಸ್ಥೆಯೊಂದು ಹೇಳಿಕೊಳ್ಳುತ್ತದೆ. ಅದರ ಬುಕಿಂಗ್ ಪುಟವನ್ನು ರೂಪಿಸಿದವರು ಒಮ್ಮೆಯಾದರೂ ತಮ್ಮ ಮನೆಯ ಸಾಮಾನನ್ನು ಅದರ ಮೂಲಕ ಕಳುಹಿಸಲು ಯತ್ನಿಸಿದ್ದರೆ ಅದು ಹೀಗಿರುತ್ತಿರಲಿಲ್ಲ.

ಮೊದಲು ಮೊಬೈಲ್ ಸಂಖ್ಯೆ ಮತ್ತು ಒಟಿಪಿ, ಆಮೇಲೆ ಜನ್ಮದಿನಾಂಕ, ಉದ್ಯೋಗ, ಪ್ಯಾನ್. ದಾನಕ್ಕೆಂದು ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವುದು ಹಣದ ದೇಣಿಗೆಗೆ ಮಾತ್ರ, ಬಟ್ಟೆಬರೆಗಾಗಲಿ ಪೀಠೋಪಕರಣಕ್ಕಾಗಲಿ ಅದು ಅನ್ವಯಿಸುವುದಿಲ್ಲ ಎಂಬುದು ಇಂಥ ಸಂಸ್ಥೆಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಹಾಗಿರುವಾಗ ಮಂಚಕ್ಕೂ ನನ್ನ ಪ್ಯಾನ್‌ಗೂ ಎಲ್ಲಿಯ ನಂಟು? ವಿಳಾಸದ ಕಥೆ ಇನ್ನೂ ಸೊಗಸು. ಈ ಊರಿನ ಹಳೆಯ ಬಡಾವಣೆಗಳಲ್ಲಿ ಒಂದು ನಿವೇಶನ ಎರಡಾಗಿ, ಮೂರಾಗಿ ಮನೆ ಸಂಖ್ಯೆಗೆ ಓರೆಗೆರೆ ಸೇರಿಕೊಂಡಿರುವುದು ಸಾಮಾನ್ಯ. ಆದರೆ 312/1 ಎಂದು ಬರೆದರೆ ಈ ಪುಟ ಕೆಂಪಕ್ಷರದಲ್ಲಿ ಗದರುತ್ತದೆ, 3121 ಎಂದು ಸುಳ್ಳು ಬರೆದರೆ ಮರುಮಾತಿಲ್ಲದೆ ಒಪ್ಪುತ್ತದೆ. ಕೆಂಗೇರಿಯಲ್ಲಿರುವ ನನ್ನ ತಂಗಿ ಇಷ್ಟನ್ನೂ ತುಂಬಿದ ಮೇಲೆ, ಕೊನೆಯಲ್ಲಿ ಪಿನ್‌ಕೋಡ್ ಕೇಳಿ, ನಿಮ್ಮ ಪ್ರದೇಶಕ್ಕೆ ಸೇವೆಯಿಲ್ಲ ಎಂದಿತು. ಅದನ್ನೇ ಮೊದಲು ಕೇಳಿದ್ದರೆ ಯಾರ ಗಂಟು ಹೋಗುತ್ತಿತ್ತು?

ಕೇಳಬೇಕಾದ್ದನ್ನು ಮಾತ್ರ ಎಲ್ಲಿಯೂ ಕೇಳಿಲ್ಲ. ಮಂಚದ ಅಳತೆ ಎಷ್ಟು, ಬಿಚ್ಚಿ ಇಟ್ಟಿದೆಯೇ, ಎಷ್ಟನೇ ಮಹಡಿ, ಲಿಫ್ಟ್ ಇದೆಯೇ ಎಂಬುದರ ಬದಲು ‘ಒಟ್ಟು ತೂಕ, ಕಿಲೋಗಳಲ್ಲಿ’ ಎಂಬ ಕಡ್ಡಾಯ ಕಾಲಂ ಇದೆ. ಮಂಚವನ್ನು ಯಾವ ತಕ್ಕಡಿಯಲ್ಲಿಟ್ಟು ತೂಗಲಿ? ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಎಂಬ ಒಂದೇ ಅವಧಿಗೆ ಒಪ್ಪಿಕೊಂಡು, ಕಚೇರಿಗೆ ರಜೆ ಹಾಕಿ ಕಾದು ಕೂತರೆ, ಐದೂವರೆಗೆ ಬಂದ ಹುಡುಗ ಸ್ಕೂಟರ್ ನಿಲ್ಲಿಸಿ, “ಸಾರ್, ನಂಗೆ ಬಟ್ಟೆ ಅಂತಷ್ಟೇ ಬಂದಿದೆ, ಮಂಚ, ಹಾಸಿಗೆ ಎಲ್ಲ ನಾವು ತಗೊಳ್ಳಲ್ಲ” ಎಂದು ತನ್ನ ಮೊಬೈಲ್ ತೋರಿಸಿದ. ನಾನು ತುಂಬಿದ ವಿವರಗಳಲ್ಲಿ ಹೆಸರು, ಫೋನ್ ಸಂಖ್ಯೆ ಬಿಟ್ಟು ಮತ್ತೇನೂ ಅವನಿಗೆ ತಲುಪಿರಲಿಲ್ಲ. ಅವನನ್ನು ಬೈದು ಪ್ರಯೋಜನವಿಲ್ಲ, ಬೈಯಲೂ ಇಲ್ಲ. ಏನನ್ನು ಒಯ್ಯುತ್ತೇವೆ, ಏನನ್ನು ಒಯ್ಯುವುದಿಲ್ಲ ಎಂಬ ಪಟ್ಟಿಯನ್ನು ಮೊದಲ ಪುಟದಲ್ಲೇ ಹಾಕದೆ, ಬಾಗಿಲಲ್ಲಿ ನಿಂತು ಜನರ ಮುಖ ನೋಡಿ ಹೇಳುವ ಕೆಲಸವನ್ನು ಅವನ ತಲೆಗೆ ಕಟ್ಟಿದವರು ಬೇರೆ.

ಆನ್‌ಲೈನ್ ವ್ಯವಸ್ಥೆ ರೂಪಿಸುವುದು ಇವರಿಗೆ ಬಾರದು ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ ಅದೂ ಸಾಧ್ಯವಿಲ್ಲ. ಮರುದಿನವೇ ‘ಮಾನ್ಯ ದಾನಿಗಳೇ’ ಎಂದು ದೇಣಿಗೆ ಕೋರುವ ಸಂದೇಶವೊಂದು ಬಂತು. ಅದರ ಕೊಂಡಿ ಒತ್ತಿದರೆ ಜನ್ಮದಿನಾಂಕವಿಲ್ಲ, ವಿಳಾಸವಿಲ್ಲ, ಮೊತ್ತವನ್ನೂ ಅವರೇ ತುಂಬಿಟ್ಟಿದ್ದಾರೆ, ನಾನು ಯುಪಿಐ ಪಿನ್ ಒತ್ತುವುದೊಂದೇ ಬಾಕಿ.