ನೋ ಸಿಗ್ನಲ್ ಪುರಾಣ

ಕಂಪ್ಯೂಟರಲ್ಲೇ ಟಿವಿ ನೋಡೋಕೆ ಅಂತ ಅದ್ರೊಳಗೆ ಟಿವಿ ಟ್ಯೂನರ್ ಕಾರ್ಡ್ ಹಾಕ್ಸಿದ್ದವರಿಗೆಲ್ಲ ಆ ನೀಲಿ ಸ್ಕ್ರೀನು ಗೊತ್ತಿರುತ್ತೆ, 'ನೋ ಸಿಗ್ನಲ್' ಅಂತ ಬರುತ್ತಲ್ಲ ಅದು. ಅಷ್ಟು ಸೋಮಾರಿ ಎರರ್ ಮೆಸೇಜ್ ನಾನಂತೂ ಇನ್ನೊಂದು ನೋಡಿಲ್ಲ. ಯಾಕಪ್ಪ ಇಲ್ಲ, ಎಲ್ಲಿ ಹೋಯ್ತು, ಏನ್ ಮಾಡ್ಬೇಕು, ಉಹುಂ, ಒಂದೂ ಹೇಳಲ್ಲ.

ಎಸ್‌ಪಿ ರೋಡ್‌ನಿಂದ ತಂದ ಕಾರ್ಡು ಕಂಪ್ಯೂಟರ್ ಒಳಗಿನ ಪಿಸಿಐ ಸ್ಲಾಟಲ್ಲಿ ನೀಟಾಗಿ ಕೂತಿತ್ತು, ಡ್ರೈವರೂ ಹಾಕಾಗಿತ್ತು. ಅಂಗಡಿಗೆ ಫೋನ್ ಮಾಡಿದ್ರೆ "ಸಾರ್, ಕಾರ್ಡ್ ಪಕ್ಕಾ ಇದೆ, ಕೇಬಲ್‌ನೋರನ್ನ ಕೇಳಿ" ಅಂದ್ರು. ಕೇಬಲ್ ಹುಡುಗ ಬಂದವನು ಕಂಪ್ಯೂಟರ್ ಕಡೆ ತಲೇನೂ ತಿರುಗಿಸ್ದೆ "ಆಂಟಿ, ಟಿವೀಲಿ ಬರ್ತಿದ್ಯಲ್ಲ, ಕಂಪ್ಯೂಟರ್ ನಮ್ಗೆ ಬರಲ್ಲ" ಅಂತ ಅಮ್ಮನ ಹತ್ರ ತಿಂಗಳ ದುಡ್ಡು ಇಸ್ಕೊಂಡು ಹೊರಟೇಬಿಟ್ಟ.

ಸೆಟ್ಟಿಂಗ್ಸ್ ತೆಗೆದು ನೋಡಿದ್ರೆ ಸಾಫ್ಟ್‌ವೇರ್ ಪ್ರಕಾರ ನಮ್ಮನೆ ಅಮೆರಿಕದಲ್ಲಿದೆ! ಅಲ್ಲಿ ಆಗ ಟಿವಿ ಸಿಗ್ನಲ್ ಕಳಿಸೋ ಪದ್ಧತಿ ಎನ್‌ಟಿಎಸ್‌ಸಿ, ಚಾನೆಲ್‌ಗೊಂದು 6 ಮೆಗಾಹರ್ಟ್ಸ್ ಜಾಗ. ನಮ್ದು ಪಾಲ್ ಅನ್ನೋ ಬೇರೆ ಪದ್ಧತಿ, ವಿಎಚ್‌ಎಫ್ ಅನ್ನೋ ತರಂಗಗಳ ಪಟ್ಟಿಯಲ್ಲಿ ಚಾನೆಲ್‌ಗೆ 7 ಮೆಗಾಹರ್ಟ್ಸ್. ಅಲ್ಲಿನ ಲೆಕ್ಕ ಹಿಡ್ಕೊಂಡು ಹನುಮಂತನಗರದಲ್ಲಿ ಚಂದನ ಹುಡುಕಿದ್ರೆ ಎಲ್ಲಿ ಸಿಗ್ಬೇಕು. ಸಾಲದ್ದಕ್ಕೆ ಸೋರ್ಸ್ ಬೇರೆ ಟ್ಯೂನರ್ ಬದಲು ಎಸ್-ವಿಡಿಯೋ ಅನ್ನೋ ಇನ್ನೊಂದು ಕಿಂಡೀಲಿತ್ತು. ಎರಡೂ ಸರಿ ಮಾಡಿ ಸ್ಕ್ಯಾನ್ ಕೊಟ್ಟೆ. ಮತ್ತೆ ನೀಲಿ.

ಕೊನೆಗೆ ಕಾರ್ಡ್ ಹಿಂದಿನ ಕನೆಕ್ಟರ್ ತಿರುಗಿಸಿ ಬಿಚ್ಚಿ, ಕಿಟಕಿ ಬೆಳಕಿಗೆ ಹಿಡಿದು ನೋಡ್ತೀನಿ, ವೈರ್ ಸುತ್ತ ಜಾಲರಿ ಇರುತ್ತಲ್ಲ, ಅದ್ರ ಒಂದೇ ಒಂದು ಎಳೆ, ಕೂದಲಿನಷ್ಟು ಸಣ್ಣದು, ಬಾಗ್ಕೊಂಡು ನಡುವಿನ ತಾಮ್ರದ ತಂತಿಗೆ ತಾಗ್ಕೊಂಡಿದೆ. ಶಾರ್ಟು! ನೇಲ್ ಕಟರಲ್ಲಿ ಕಚಕ್ ಅಂತ ತೆಗೆದೆ ನೋಡಿ, ಚಾನೆಲ್‌ಗಳು ಸಾಲಾಗಿ ಬಂದ್ವು.

ಬಂದಿದ್ದೇ ತಡ, ಹಾಲಿಂದ ಅಮ್ಮ "ಲೋ, ಟಿವಿಗೇನೋ ಮಾಡ್ದೆ?" ಅಂದ್ರು. ಒಂದೇ ಕೇಬಲ್‌ನ ಟಿವಿಗೂ ಕಂಪ್ಯೂಟರ್‌ಗೂ ಹಂಚೋಕೆ ಸ್ಪ್ಲಿಟರ್ ಇಟ್ಟಿದ್ದೆ, ಅದನ್ನಿಟ್ರೆ ಒಂದೊಂದು ಕಡೆಗೂ 3.5 ಡೆಸಿಬೆಲ್ ಹತ್ರ, ಅಂದ್ರೆ ಅರ್ಧಕ್ಕಿಂತ ಜಾಸ್ತಿ, ಸಿಗ್ನಲ್ ಕಮ್ಮಿ ಆಗುತ್ತೆ, ನಮ್ಮ ಬೀದೀಲಿ ಮೊದ್ಲೇ ಸಿಗ್ನಲ್ ವೀಕು, ಹಾಗಾಗಿ ಅವರ ಧಾರಾವಾಹಿ ಪೂರ್ತಿ ಮಂಜು ಮಂಜು. ಡೆಸಿಬೆಲ್ ಬಗ್ಗೆ ವಿವರಿಸೋಕೆ ಹೋದೆ, ರಾತ್ರಿ ಸಾರಿಗೆ ತುಪ್ಪ ಬೀಳ್ಲಿಲ್ಲ. ಕೇಬಲ್‌ನೋರ ಕೈಕಾಲು ಹಿಡಿದು ಬೀದಿ ಆಂಪ್ಲಿಫೈಯರ್ ಸ್ವಲ್ಪ ಜಾಸ್ತಿ ಮಾಡಿಸ್ಬೇಕಾಯ್ತು.

ಅಷ್ಟೆಲ್ಲ ಮಾಡಿದ್ಮೇಲೆ ಹಳೇ ಅನಲಾಗ್ ಕೇಬಲ್ ನಿಲ್ಸಿ, ಸೆಟ್‌ಟಾಪ್ ಬಾಕ್ಸ್ ಬೇಕಾಗೋ ಡಿಜಿಟಲ್ ಬಂತು. ಬೆಂಗಳೂರಿಗೆ ಕೊಟ್ಟಿದ್ದ ಗಡುವು 2013ರ ಮಾರ್ಚ್ 31. ಅನಲಾಗ್ ನಿಂತ್ಮೇಲೆ ಟ್ಯೂನರ್ ಎಷ್ಟು ಸ್ಕ್ಯಾನ್ ಮಾಡಿದ್ರೂ ಒಂದು ಚಾನೆಲ್ಲೂ ಇಲ್ಲ, ಈ ಸಲ ಮೆಸೇಜು ನಿಜಾನೇ ಹೇಳ್ತಿತ್ತು. ಹಾಲಲ್ಲಿರೋ ಸೆಟ್‌ಟಾಪ್ ಬಾಕ್ಸಿಂದ ಹಳದಿ ಪಿನ್ನಿನ ವೈರ್ ರೂಮಿಗೆ ಎಳೆದು ಕಾರ್ಡಿನ ಕಾಂಪೋಸಿಟ್ ಅನ್ನೋ ವಿಡಿಯೋ ಕಿಂಡಿಗೆ ಹಾಕಿದೆ, ಪಿಕ್ಚರ್ ಫಸ್ಟ್ ಕ್ಲಾಸ್. ಆದ್ರೆ ಬಾಕ್ಸ್ ಒಂದೇ, ರಿಮೋಟ್ ಅಮ್ಮನ ಕೈಲಿ. ಮ್ಯಾಚ್ ಸ್ಕೋರ್ ಕೇಳ್ಬೇಡಿ, ಆ ಸೊಸೆ ಯಾಕೆ ತವರಿಗೆ ಹೋದ್ಲು ಅಂತ ಬೇಕಾದ್ರೆ ಕೇಳಿ, ಹೇಳ್ತೀನಿ.