ಅರ್ಲ್ ಮೊರಾಲ್‌ನ ಬಿಟ್ಬಿಟ್ರಲ್ಲ
ನಿಮ್ಮ ಲೇಖನದಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಬ್ಯಾಕಪ್ ಕ್ವಾರ್ಟರ್‌ಬ್ಯಾಕ್‌ಗಳ (ಬಾಲ್ ಎಸೆದು ಆಟ ನಡೆಸೋ ಮುಖ್ಯ ಆಟಗಾರನ ಬದಲಿಗೆ ಇಳಿಯೋರು) ಬಗ್ಗೆ ಚೆನ್ನಾಗಿ ಬರ್ದಿದೀರ ಸರ್, ಆದ್ರೆ ನಿಕ್ ಫೋಲ್ಸ್ ಒಬ್ರಿಗೇ ನಿಲ್ಲಿಸ್ಬಿಟ್ರಿ, ಅರ್ಲ್ ಮೊರಾಲ್ ಹೆಸರೇ ಇಲ್ಲ! 1968ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್‌ನಲ್ಲಿ ಜಾನಿ ಯುನೈಟಸ್‌ಗೆ ಮೊಣಕೈ ಪೆಟ್ಟಾದಾಗ ಬದಲಿಗೆ ಬಂದು ಟೀಮನ್ನ 13-1ಕ್ಕೆ (13 ಗೆಲುವು, 1 ಸೋಲು) ತಂದು ಎಂವಿಪಿ, ಅಂದ್ರೆ ಸೀಸನ್‌ನ ಅತ್ಯಮೂಲ್ಯ ಆಟಗಾರ, ಆದೋರು ಅವ್ರು. ಆದ್ರೂ ಜನಕ್ಕೆ ನೆನಪಿರೋದು ಜೆಟ್ಸ್ ಎದುರು ಸೋತ ಆ ಸೂಪರ್ ಬೌಲ್ (ಫೈನಲ್ ಮ್ಯಾಚ್) ಮಾತ್ರ, ಫಸ್ಟ್ ಹಾಫ್ ಕೊನೇಲಿ ಇವ್ರದೇ ಟೀಮಿನ ಜಿಮ್ಮಿ ಓರ್ ಎಂಡ್ ಝೋನ್ (ಪಾಯಿಂಟ್ ಗಳಿಸೋ ಜಾಗ) ಹತ್ರ ಒಬ್ರೇ ನಿಂತು ಕೈ ಬೀಸ್ತಿದ್ರೂ ಇವ್ರಿಗೆ ಕಾಣ್ಲಿಲ್ಲ, ಮಧ್ಯಕ್ಕೆ ಎಸೆದ್ರು, ಬಾಲ್ ಎದುರಾಳಿ ಕೈಗೆ ಹೋಯ್ತು. ಆ ಒಂದು ಪಾಸ್ ಇಟ್ಕೊಂಡು ಇಡೀ ಕರಿಯರ್ ಅಳೆಯೋದು ಅನ್ಯಾಯ ಅಲ್ವಾ? 1971ರ ಸೂಪರ್ ಬೌಲಲ್ಲಿ ಯುನೈಟಸ್ ಗಾಯ ಆಗಿ ಹೊರಗೆ ಹೋದಾಗ ಇವ್ರೇ ಇಳಿದು ಆಡಿದ್ರು, ಡಲ್ಲಾಸ್ ಮೇಲೆ 16-13 ಗೆದ್ರು.

ಆಮೇಲೆ 1972ರಲ್ಲಿ ಕೋಚ್ ಡಾನ್ ಶೂಲಾ ಬರೀ 100 ಡಾಲರ್ ವೇವರ್ ಫೀ (ಬೇರೆ ಟೀಮು ಕೈಬಿಟ್ಟ ಆಟಗಾರನ್ನ ತಗೊಳೋ ಶುಲ್ಕ) ಕಟ್ಟಿ ತಮ್ಮ ಮಯಾಮಿ ಟೀಮಿಗೆ ಕರೆಸ್ಕೊಂಡ್ರು. ಅಲ್ಲಿನ ಮುಖ್ಯ ಕ್ವಾರ್ಟರ್‌ಬ್ಯಾಕ್ ಬಾಬ್ ಗ್ರೀಸಿ ಕಾಲು ಮುರ್ಕೊಂಡಾಗ 38ನೇ ವಯಸ್ಸಲ್ಲಿ ಇಳಿದು ರೆಗ್ಯುಲರ್ ಸೀಸನ್‌ನ ಉಳಿದ 9 ಮ್ಯಾಚೂ ಗೆಲ್ಲಿಸಿದ್ರು, ಗ್ರೀಸಿ ವಾಸಿಯಾದ್ಮೇಲೆ ಪ್ಲೇಆಫ್‌ನ ಪಿಟ್ಸ್‌ಬರ್ಗ್ ಮ್ಯಾಚ್ ಅರ್ಧದಲ್ಲೇ ಇವ್ರನ್ನ ಕೂರಿಸಿದ್ರು, ಸೂಪರ್ ಬೌಲೂ ಗ್ರೀಸಿಗೇ ಹೋಯ್ತು. ಆ 17-0 ಸೀಸನ್ನಲ್ಲಿ ಪ್ಲೇಆಫ್ ಸೇರಿ 11 ಮ್ಯಾಚ್ ಸ್ಟಾರ್ಟ್ ಮಾಡಿದ್ದು ಈ ಮನುಷ್ಯ. ದಯವಿಟ್ಟು ಒಂದು ಪ್ಯಾರಾ ಆದ್ರೂ ಸೇರ್ಸಿ ಸರ್.